ನಾಗಮಂಗಲದ ಎರಡು ಸುತ್ತಿನ ಕೋಟೆ

ಹೊಣಕೆರೆಯ ಕಡೆಯಿಂದ ನಾಗಮಂಗಲಕ್ಕೆ ಬಂದ ನಮ್ಮ ಕಣ್ಣನ್ನು ಮೊದಲು ಸೆಳೆದುದು ಸೌಮ್ಯಕೇಶವಸ್ವಾಮಿಯ ಗೋಪುರವೇ ಹೊರತು ಕೋಟೆಯಲ್ಲ. ಆದರೂ ಇದು ಎರಡು ಸುತ್ತಿನ ಕೋಟೆಯಿದ್ದ ಊರು. ಒಳಕೋಟೆಯನ್ನು 1270ರಲ್ಲಿ ಚಾಮ ದಣ್ಣಾಯಕನೂ ಹೊರಕೋಟೆಯನ್ನು 1578ರಲ್ಲಿ ಜಗದೇವರಾಯನೂ ಕಟ್ಟಿಸಿದರೆಂದು ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ಇಷ್ಟು ಭದ್ರತೆಯಿದ್ದೂ, ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಮರಾಟರ ದಂಡು ಊರನ್ನು ಹಾಳುಗೆಡವಿತು.

ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಸಹ ಇಂಥದೇ ಜೋಡಿಗೋಡೆಯ ಊರು. ಆ ಗೋಡೆಗಳನ್ನು ಕೆಡಹಲು ಸರ್ಕಾರವೇ ನಿಶ್ಚಯಿಸಿದ್ದಾಗ ಊರವರು ಹಟಹಿಡಿದು ತಡೆದರು. 1853ರಿಂದ ಜೀರ್ಣೋದ್ಧಾರ ನಡೆಯಿತು. ನಮ್ಮ ಕೋಟೆಗೆ ಆ ಭಾಗ್ಯವೆಲ್ಲಿ? ಹೊಯ್ಸಳರ ತ್ರಿಕೂಟಾಲಯ ಮಾತ್ರ ನಿತ್ಯಪೂಜೆಯ ಬಲದಿಂದ ನಿಂತಿದೆ.

ಕೇಶವ, ನರಸಿಂಹ, ವೇಣುಗೋಪಾಲರ ದರ್ಶನ ಮಾಡಿ ಹೊರಬಂದು, ಕೋಟೆಗೆ ದಾರಿ ಯಾವುದೆಂದು ವೃದ್ಧರೊಬ್ಬರನ್ನು ಕೇಳಿದೆವು.

“ತಾವು ನಿಂತಿರೋದೇ ಕೋಟೆಯೊಳಗೆ, ಸ್ವಾಮಿ” ಎಂದರು.