ಚೆನ್ನೆಮಣೆ ಮತ್ತು ಪಾತ್ರ ಹಂಚಿಕೆ

ಯಕ್ಷಗಾನ ಮೇಳದಲ್ಲಿ ಪ್ರಸಂಗ ನಿಶ್ಚಯವಾದ ಮೇಲೆ ಪಾತ್ರಗಳ ಹಂಚಿಕೆ ನಡೆಯುತ್ತದೆ. ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ ಇವುಗಳಲ್ಲಿ ಯಾರಿಗೆ ಯಾವುದು ಒಪ್ಪುತ್ತದೆಂಬುದನ್ನು ಬಲ್ಲವರು ನಿರ್ಧರಿಸುತ್ತಾರೆ. ಮುಖಕ್ಕೆ ಬಣ್ಣ ಹಚ್ಚದ ಭಾಗವತನನ್ನೇ ಮೊದಲನೆಯ ವೇಷಧಾರಿಯೆಂದು ಕರೆಯುವುದು ಆ ಕಲೆಯ ವಿವೇಕ. ಕಂಪ್ಯೂಟರ್ ಆಟವೊಂದನ್ನು ಕಟ್ಟುವ ತಂಡಕ್ಕೂ ಇಂಥ ವಿವೇಕ ಬೇಕೆಂಬುದನ್ನು ಮುಂಬಯಿಯ ಕಾಲೇಜೊಂದರ ಐವರು ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ಕಷ್ಟಪಟ್ಟು ಕಲಿತರು.

ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ರಚಿಸಿದ 'ನಾರ್ಬಾಕ್ಯುಲರ್ ಡ್ರಾಪ್' ಎಂಬ ಆಟವೇ 2007ರಲ್ಲಿ ಬಂದ 'ಪೋರ್ಟಲ್' ಎಂಬ ಪ್ರಸಿದ್ಧ ಆಟಕ್ಕೆ ಬೀಜವಾಯಿತೆಂಬುದನ್ನು ಈ ಐವರೂ ಬಲ್ಲರು. ಅವರ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಚೆನ್ನೆಮಣೆಯನ್ನು ಕಂಪ್ಯೂಟರಿಗೆ ತರೋಣವೆಂದು ಸೂಚಿಸಿದವಳು ಅವರಲ್ಲಿದ್ದ ಕನ್ನಡದ ಹುಡುಗಿ. ಡೊಂಬಿವಲಿಯ ಅವಳ ಮನೆಯಲ್ಲಿ, ಅಜ್ಜಿ ಉಡುಪಿಯ ಕಡೆಯಿಂದ ತಂದಿದ್ದ ಮರದ ಮಣೆಯೊಂದಿತ್ತು. ವಿಷಯ ಎಲ್ಲರಿಗೂ ಹಿಡಿಸಿತು. ಕೆಲಸಗಳ ಹಂಚಿಕೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಚುರುಕಾದ ಇಬ್ಬರು ಪ್ರೋಗ್ರಾಮಿಂಗ್ ವಹಿಸಿಕೊಂಡರು. ಒಬ್ಬನಿಗೆ ಚಿತ್ರ, ಒಬ್ಬಳಿಗೆ ಧ್ವನಿ. ಹಿಂದಿ–ಇಂಗ್ಲಿಷುಗಳಲ್ಲಿ ಬಿರುಸಾಗಿ ಸಾಗಿದ ಆ ಮಾತುಕತೆಯಲ್ಲಿ ಹೆಚ್ಚು ಮಾತನಾಡದ ಹುಡುಗಿಯ ಪಾಲಿಗೆ ಉಳಿದದ್ದು ಪರೀಕ್ಷೆ ಮತ್ತು ವರದಿ. ಆಟದ ನಿಯಮವನ್ನು ರೂಪಿಸುವ ಹೊಣೆ ಯಾರದೆಂದು ಯಾರೂ ಕೇಳಲಿಲ್ಲ. ನಿಯಮ ಇಂಟರ್ನೆಟ್ಟಿನಲ್ಲಿಯೇ ಇದೆಯಲ್ಲ ಎಂಬುದು ಎಲ್ಲರ ಭಾವನೆ.

ಎಂಟನೆಯ ವಾರಕ್ಕೆ ಆಟ ಪರದೆಯ ಮೇಲೆ ಮೂಡಿತು. ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ 56 ಕಾಯಿಗಳು, ಕೆಂಪು ಮಂಜೊಟ್ಟಿಯ ಹೊಳಪು, ಹಿನ್ನೆಲೆಗೆ ಆಟಿ ತಿಂಗಳ ಮಳೆಯ ಸದ್ದು. ಹುಡುಗಿ ಅದನ್ನು ಅಜ್ಜಿಯ ಮುಂದಿಟ್ಟಳು. ಅಜ್ಜಿ ಎರಡು ಸರದಿ ಆಡಿ ಕೈ ಹಿಂದೆಗೆದರು.

“ಚೆಂದ ಉಂಟು ಮಗಾ. ಆದರೆ ಇದು ನಮ್ಮ ಆಟ ಅಲ್ಲ. ಕೈ ಇಷ್ಟು ಬೇಗ ನಿಲ್ಲುವುದುಂಟಾ?”

ಅಜ್ಜಿ ಬಲ್ಲ ಕ್ರಮದಲ್ಲಿ, ಕೈಯಲ್ಲಿನ ಕಾಯಿಗಳು ಮುಗಿದಾಗ ಮುಂದಿನ ಗುಳಿಯವನ್ನೆತ್ತಿ ಬಿತ್ತುತ್ತ ಸಾಗಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಕಾಯಿಗಳು ಆಡಿದವರಿಗೆ. ಹೀಗೆ ಒಂದೇ ಸರದಿ ಮಣೆಯನ್ನು ಸುತ್ತಿ ಬರಬಹುದು. ಎಲ್ಲಿಂದ ಹೊರಟರೆ ಎಲ್ಲಿಗೆ ತಲಪೀತು ಎಂಬ ಲೆಕ್ಕಾಚಾರವೇ ಆಟದ ಜೀವ. ತಂಡ ಅಳವಡಿಸಿದ್ದು ಕೊನೆಯ ಕಾಯಿ ಬಿದ್ದೊಡನೆ ಸರದಿ ಮುಗಿಯುವ, ಹೊರನಾಡಿನ ಯಾವುದೋ ಮಂಕಾಲಾ ಆಟದ ನಿಯಮವನ್ನು. ಮಣೆ ಕರಾವಳಿಯದು, ಆಟ ಬೇರೆಲ್ಲಿಯದೋ.

ಸೋಮವಾರದ ಸಭೆಯಲ್ಲಿ ಹುಡುಗಿ ಇದನ್ನು ಹೇಳಿದಾಗ ಪ್ರೋಗ್ರಾಮರನೊಬ್ಬ ಒಪ್ಪಲಿಲ್ಲ. ಪ್ರೋಗ್ರಾಮು ಬರೆದಂತೆ ನಡೆಯದಿದ್ದರೆ ದೋಷ. ಇದು ಬರೆದಂತೆಯೇ ನಡೆಯುತ್ತಿದೆ. ನಿಯಮ ಬದಲಿಸುವುದು ಪರೀಕ್ಷಕಳ ಕೆಲಸವಲ್ಲ ಎಂಬುದು ಅವನ ವಾದ. ಕೊಟ್ಟ ಪಾತ್ರದ ಮಿತಿಯಲ್ಲಿ ಅವನ ಮಾತು ಸರಿಯಾಗಿಯೇ ಇತ್ತು. ಹುಡುಗಿ ಸುಮ್ಮನಾದಳು. ವಿಷಯ ಮಾರ್ಗದರ್ಶಕ ಅಧ್ಯಾಪಕಿಯವರೆಗೂ ಹೋಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ಚೆನ್ನೆಮಣೆ ಹೌದೋ ಅಲ್ಲವೋ ಎಂದು ಹೇಳುವ ಅಧಿಕಾರ ನಿಮ್ಮಲ್ಲಿ ಯಾರಿಗಿದೆ?” ಐವರಲ್ಲಿ ಯಾರೂ ಉತ್ತರಿಸಲಿಲ್ಲ.

ಪಾತ್ರ ಹಂಚಿಕೆಯ ದೋಷ ಅಲ್ಲಿ ಬಯಲಾಯಿತು. ಯಾರ ಕೈ ಯಾವ ಸಾಧನದಲ್ಲಿ ಪಳಗಿದೆ ಎಂಬುದನ್ನಷ್ಟೇ ನೋಡಿ ಕೆಲಸ ಹಂಚಲಾಗಿತ್ತು. ಯಾರಿಗೆ ಏನು ತಿಳಿದಿದೆ ಎಂಬುದನ್ನು ವಿಚಾರಿಸಿರಲಿಲ್ಲ. ಆಟದ ವಿನ್ಯಾಸಕನೆಂದರೆ ಬಣ್ಣ ಬಳಿಯುವವನಲ್ಲ. ಆಟಗಾರನು ಏನು ಮಾಡಬಹುದು, ಅದರಿಂದ ಏನಾಗುತ್ತದೆ, ಗೆಲುವು ಯಾವುದು ಎಂಬುದನ್ನು ನಿಶ್ಚಯಿಸಿ ಬರೆದಿಡುವವನು. ಆ ಬರಹವಿಲ್ಲದೆ ಪ್ರೋಗ್ರಾಮರನು ತನಗೆ ತೋಚಿದ್ದನ್ನು ಆಟವೆನ್ನುತ್ತಾನೆ; ಪರೀಕ್ಷಕನಿಗೆ ಹೋಲಿಸಿ ನೋಡಲು ಒರೆಗಲ್ಲೇ ಇರುವುದಿಲ್ಲ.

ಒಂಬತ್ತನೆಯ ವಾರದಲ್ಲಿ ವಿನ್ಯಾಸದ ಹೊಣೆ ಹುಡುಗಿಗೆ ಬಂತು. ಅಜ್ಜಿಯ ಬಾಯಿಂದ ಕೇಳಿದ ನಿಯಮಗಳನ್ನು ಅವಳು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಬರೆದಳು. ಪರೀಕ್ಷೆಯನ್ನು ಎಲ್ಲರೂ ಹಂಚಿಕೊಂಡರು. ವಾದ ಹೂಡಿದ್ದ ಪ್ರೋಗ್ರಾಮರನೇ ಒಂದು ಭಾನುವಾರ ಡೊಂಬಿವಲಿಗೆ ಹೋಗಿ, ಅಜ್ಜಿಯೆದುರು ಮೂರು ಆಟ ಸೋತು ಬಂದ. ತಿದ್ದುವ ಕೆಲಸ ಎರಡು ವಾರಗಳನ್ನು ನುಂಗಿತು; ಯೋಜಿಸಿದ್ದ ಎರಡನೆಯ ಆಟದ ಬಗೆಯನ್ನು ಕೈಬಿಡಬೇಕಾಯಿತು.

ಆದರೂ ಅಂಕಪಟ್ಟಿ ಹಳೆಯದೇ. ಅದರಲ್ಲಿ ಪ್ರೋಗ್ರಾಮಿಂಗ್, ಚಿತ್ರ, ಧ್ವನಿ, ವರದಿ ಎಂಬ ಅಂಕಣಗಳಿದ್ದುವೇ ಹೊರತು ನಿಯಮಕ್ಕೆ ಅಂಕಣವಿರಲಿಲ್ಲ. ಐವರಲ್ಲಿ ಅತಿ ಕಡಿಮೆ ಅಂಕ ಬಂದುದು ಹುಡುಗಿಗೆ. ಮರುವರ್ಷ ಅಧ್ಯಾಪಕಿ ಪಟ್ಟಿಯನ್ನು ತಿದ್ದಿದರು. ಮೊದಲ ಅಂಕಣಕ್ಕೆ 'ಆಟವನ್ನು ಬಲ್ಲವರು' ಎಂಬ ತಲೆಬರಹ ಬಂತು. ಆ ವೇಳೆಗೆ ಹುಡುಗಿ ಕಾಲೇಜು ಮುಗಿಸಿ ಹೊರಬಿದ್ದಿದ್ದಳು.

ನಾಡಿನಿಂದ ದೂರವಿರುವ ಮನೆಗಳಲ್ಲಿ ಇಂಥ ಮಣೆಗಳು ಇನ್ನೂ ಇವೆ. ಆಡಬಲ್ಲ ಕೈಗಳೂ ಕೆಲವುಂಟು. ಕೆಲಸ ಹಂಚಲು ಕುಳಿತವರು ಆ ಕೈಗಳ ಕಡೆಗೆ ಮೊದಲು ನೋಡಬೇಕು.