ಸಾಮಾನು ಕೊಡೋದು ಸ್ಟೋರಿನ ಕೆಲಸ

ಒಮಾನಿಗೆ ಬಂದ ಹೊಸದರಲ್ಲಿ ನಮ್ಮವರಿಗೆ ಮೊದಲು ತೊಡಕಾಗೋದು ದುಡ್ಡಿನ ಲೆಕ್ಕ. ಊರಲ್ಲಿ ರೂಪಾಯಿಗೆ 100 ಪೈಸೆ, ಇಲ್ಲಿ ರಿಯಾಲಿಗೆ 1000 ಬೈಸಾ. ಪಾಯಿಂಟ್ ಆದಮೇಲೆ ಎರಡು ಅಂಕಿ ಬರೆದು ರೂಢಿಯಾದ ಕೈ ಮೂರು ಅಂಕಿ ಬರೆಯಬೇಕು. ನಾವು ಒಂದು ವಾರದಲ್ಲಿ ಕಲಿತುಬಿಡುತ್ತೇವೆ. ಕಂಪ್ಯೂಟರಿಗೆ ಮಾತ್ರ ಯಾರಾದರೂ ಹೇಳಿಕೊಡಬೇಕು.

ನಾನು ಮಸ್ಕತ್‌ನ ರುವಿಯಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸದಲ್ಲಿದ್ದೇನೆ. ಕಟ್ಟಡ ಕೆಲಸದ ಒಂದು ಕಂಪನಿಯ ಸಂಬಳದ ವೆಬ್ ಅಪ್ಲಿಕೇಶನ್ ನೋಡಿಕೊಳ್ಳೋದು ನನ್ನ ಪಾಲಿಗೆ ಬಂತು. ಅದನ್ನು ಮೊದಲು ಬರೆದವರು ರೂಪಾಯಿ ಲೆಕ್ಕಕ್ಕೆ ಬರೆದಿದ್ದರು. ಗಂಟೆಗೆ 0.674 ರಿಯಾಲ್ ಓಟಿ ಇದ್ದರೆ ಅದು 0.67 ಮಾಡಿಬಿಡುತ್ತಿತ್ತು. ನಾಲ್ಕು ಬೈಸಾ ತಾನೇ ಅನ್ನಬಹುದು. ತಿಂಗಳಿಗೆ 50 ಗಂಟೆ ಓಟಿ ಮಾಡಿದವನಿಗೆ 33.700 ಬರೋ ಕಡೆ 33.500 ಬಂತು. ಅಂಥವರು 40 ಜನ ಇದ್ದರೆ 8 ರಿಯಾಲ್ ಹೋಯಿತು. ಬಿಸಿಲಲ್ಲಿ ದುಡಿದ ದುಡ್ಡು ಅದು, ಒಂದು ಬೈಸಾನೂ ಬಿಡುವ ಹಾಗಿಲ್ಲ.

ಲೆಕ್ಕವನ್ನೇ ತಿದ್ದಿಬಿಡೋಣ ಅಂದರೆ, ಅದೇ ಪ್ರೋಗ್ರಾಮ್ ಭಾರತದ ಶಾಖೆಯಲ್ಲೂ ಓಡಬೇಕು. ಅಲ್ಲಿ ಎರಡೇ ಅಂಕಿ. ಇತ್ತ ಸಂಬಳದ ಚೀಟಿ, ಓಟಿ, ರಜೆ, ಮುಂಗಡ ಹೀಗೆ ಪ್ರತಿಯೊಂದು ಕ್ಲಾಸೂ ತನ್ನೊಳಗೇ 'ನ್ಯೂ' ಅಂತ ಬರೆದು ರೂಪಾಯಿ ಲೆಕ್ಕವನ್ನು ತಾನೇ ಮಾಡಿಕೊಂಡು ಕೂತಿತ್ತು.

ಸೈಟಿನಲ್ಲಿ ಕೆಲಸ ಮಾಡುವವರು ಒಮ್ಮೆ ಯೋಚಿಸಿ. ಪ್ಲಾಸ್ಟರ್ ಮಾಡುವವನು ಸಿಮೆಂಟ್ ತರಲು ತಾನೇ ಅಂಗಡಿಗೆ ಹೋಗುತ್ತಾನಾ? ಇಂಥದ್ದು ಬೇಕು ಅಂತಾನೆ, ಸ್ಟೋರಿನವರು ಕೊಡುತ್ತಾರೆ. ಯಾವ ಬ್ರಾಂಡ್ ಅನ್ನೋದು ಸ್ಟೋರಿನ ತೀರ್ಮಾನ. ಪ್ರೋಗ್ರಾಮಿನಲ್ಲಿ ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನುತ್ತಾರೆ. ಬೇಕಾದ್ದನ್ನು ಹೊರಗಿನಿಂದ ಕೊಡೋದು, ಅಷ್ಟೇ. ಮಾರ್ಟಿನ್ ಫೌಲರ್ 2004ರಲ್ಲಿ ಬರೆದ ಲೇಖನದಿಂದ ಈ ಹೆಸರು ಎಲ್ಲೆಡೆ ಹಬ್ಬಿತು. 2016ರಲ್ಲಿ ಬಂದ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಈ ಸ್ಟೋರ್ ಮೊದಲಿನಿಂದಲೇ ಇದೆ.

ನಾನು ಕ್ಲಾಸುಗಳೊಳಗಿನ 'ನ್ಯೂ' ತೆಗೆದೆ. 'ನನಗೆ ಹಣದ ಲೆಕ್ಕ ಬೇಕು' ಅಂತ ಪ್ರತಿ ಕ್ಲಾಸೂ ತನ್ನ ಕನ್‌ಸ್ಟ್ರಕ್ಟರಿನಲ್ಲಿ ಕೇಳುವಂತೆ ಮಾಡಿದೆ. ಕೇಳಿದವರಿಗೆ ಒಮಾನಿನಲ್ಲಿ ರಿಯಾಲ್ ಲೆಕ್ಕ, ಭಾರತದಲ್ಲಿ ರೂಪಾಯಿ ಲೆಕ್ಕ ಕೊಡು ಅಂತ ಶುರುವಿನ ಫೈಲಿನಲ್ಲಿ ಒಂದೇ ಕಡೆ ಬರೆದೆ. ಪರೀಕ್ಷೆಗೆ ನಿಜವಾದ ಡೇಟಾಬೇಸೂ ಬೇಕಾಗಲಿಲ್ಲ. ಅದರ ಜಾಗದಲ್ಲಿ ಹತ್ತು ಜನರ ಉತ್ತುತ್ತಿ ಹಾಜರಿ ಪಟ್ಟಿ ಕೊಟ್ಟು, ಬಂದ ಮೊತ್ತವನ್ನು ಕೈಲೆಕ್ಕದ ಜೊತೆ ತಾಳೆ ನೋಡಿದೆ.

ನಮ್ಮ ರೂಮಿನಲ್ಲಿ ರಾಯಚೂರು ಕಡೆಯ ಒಬ್ಬ ಸ್ಟೋರ್ ಕೀಪರ್ ಇದ್ದಾನೆ. ಡ್ಯೂಟಿ ಮುಗಿಸಿ ರಾತ್ರಿ ಸಿ ಶಾರ್ಪ್ ಕಲಿಯುತ್ತಾನೆ. ಇಂಗ್ಲಿಷ್ ಪುಸ್ತಕದ ಈ ಅಧ್ಯಾಯ ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡ್ತೀನಿ ಅಂತಿದ್ದ. ಸ್ಟೋರಿನ ಲೆಕ್ಕದಲ್ಲಿ ಹೇಳಿದೆ. ಇಡೀ ಸೈಟಿಗೆ ಒಂದೇ ಮಿಕ್ಸರ್, ಅದು ಸಿಂಗಲ್ಟನ್. ಒಂದು ಶಿಫ್ಟಿಗೆ ಒಬ್ಬನಿಗೆ ಕೊಟ್ಟು ಮುಗಿದಮೇಲೆ ವಾಪಸ್ ತಗೊಳ್ಳೋ ಡ್ರಿಲ್, ಅದು ಸ್ಕೋಪ್ಡ್. ಕೇಳಿದಾಗಲೆಲ್ಲ ಹೊಸದು ಕೊಡೋ ಗ್ಲೌಸ್, ಅದು ಟ್ರಾನ್ಸಿಯೆಂಟ್.

"ಹಂಗಾರ ಒಬ್ಬನ ಸಂಬಳದ ಚೀಟಿ ಮಿಕ್ಸರಿನಾಗ ಇಟ್ರ ಎಲ್ಲಾರಿಗೂ ಕಾಣತೈತಲ್ಲಣ್ಣ?" ಅಂದ.

ಸರಿಯಾಗಿ ಹಿಡಿದಿದ್ದ. ಸಿಂಗಲ್ಟನ್‌ನಲ್ಲಿ ಒಬ್ಬನ ವಿವರ ಉಳಿದರೆ ಅದು ಇನ್ನೊಬ್ಬನ ಪರದೆಗೆ ಬರಬಹುದು. ಅಧ್ಯಾಯ ಬಿಡೋ ಮಾತು ಅವನು ಮತ್ತೆ ಎತ್ತಲಿಲ್ಲ.

ರಾತ್ರಿ ಹೊತ್ತು ಕಲಿಯುತ್ತಿರುವ ತಮ್ಮಂದಿರೇ, ತಂಗಿಯರೇ, ಹಗಲು ಮಾಡೋ ಕೆಲಸದಲ್ಲೇ ಅರ್ಧ ಪಾಠ ಇದೆ, ಅದನ್ನು ಕಡೆಗಣಿಸಬೇಡಿ. ಉಳಿದವರೂ ಈ ತಿಂಗಳ ಸಂಬಳದ ಚೀಟಿಯಲ್ಲಿ ಪಾಯಿಂಟ್ ಆದಮೇಲಿನ ಮೂರನೇ ಅಂಕಿ ನೋಡಿ. ಎಲ್ಲ ಸಾಲಲ್ಲೂ, ಎಲ್ಲ ತಿಂಗಳೂ ಸೊನ್ನೆಯೇ ಇದ್ದರೆ ಆಫೀಸಿನಲ್ಲಿ ಒಂದು ಮಾತು ಕೇಳಿ.