ಹಿಮದಲ್ಲಿ ಜಿಂಕೆ ಹಿಡಿಯುವ ದಾರಿ

ಅಮೆರಿಕದ ಮಿನಿಸೋಟ ರಾಜ್ಯದ ಡುಲೂತ್ ಬಂದರಿನಿಂದ ಈಶಾನ್ಯಕ್ಕೆ ಹೊರಟರೆ ಹೆದ್ದಾರಿ 61 ಸುಪೀರಿಯರ್ ಸರೋವರದ ದಂಡೆಗುಂಟ ಸಾಗುತ್ತದೆ. ಬಲಕ್ಕೆ ಸಮುದ್ರವನ್ನೇ ಹೋಲುವ ನೀರು. ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್. ಎಡಕ್ಕೆ ಗುಡ್ಡಸಾಲು, ಅದರಾಚೆ ದಟ್ಟ ಕಾಡು. ಮಗಳ ಮನೆಗೆಂದು ಹೋಗಿದ್ದ ನಾನು ಒಂದು ಫೆಬ್ರುವರಿಯಲ್ಲಿ ಈ ದಾರಿಯಲ್ಲಿ ಲುಟ್ಸೆನ್ ಎಂಬ ಊರಿನವರೆಗೆ ಹೋಗಿಬಂದೆ. ರಸ್ತೆಯಂಚಿನಲ್ಲಿ ಅಲ್ಲಲ್ಲಿ ಜಿಂಕೆಗಳ ಗುಂಪು. ಬೇಸಿಗೆಯಲ್ಲಿ ಒಳಗಿನ ಕಾಡಿನಲ್ಲೆಲ್ಲ ಚದುರಿರುವ ಈ ಪ್ರಾಣಿಗಳು ಚಳಿಗಾಲದಲ್ಲಿ ದಂಡೆಗೇ ಏಕೆ ಇಳಿದು ಬರುತ್ತವೆ?

ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಅಷ್ಟು ದೊಡ್ಡ ಸರೋವರದ ದಂಡೆಯಲ್ಲಿ ಚಳಿ ಸ್ವಲ್ಪ ಕಡಿಮೆ. ಗುಡ್ಡದ ಮೇಲೆ ಬೀಳುವಷ್ಟು ಹಿಮ ಕೆಳಗೆ ಬೀಳುವುದಿಲ್ಲ. ಸರೋವರದ ಕಡೆಗಿನ ಇಳಿಜಾರಿಗೆ ಬಿಸಿಲೂ ಚೆನ್ನಾಗಿ ಬೀಳುತ್ತದೆ. ಜಿಂಕೆ ಹುಡುಕಿ ಬರುವುದು ಇದನ್ನೇ.

ಇವು ಬಿಳಿಬಾಲದ ಜಿಂಕೆಗಳು. ಅಪಾಯ ಕಂಡರೆ ಬಾಲವೆತ್ತಿ ಒಳಗಿನ ಬಿಳುಪನ್ನು ಬಾವುಟದಂತೆ ತೋರಿಸುತ್ತ ಓಡುವುದರಿಂದ ಈ ಹೆಸರು. ಹಿಮ ಸುಮಾರು 40 ಸೆಂಟಿಮೀಟರ್ ದಾಟಿತೆಂದರೆ ಅವುಗಳ ನಡಿಗೆ ಕಷ್ಟ. ಇನ್ನೂ ಏರಿ ಎದೆಮಟ್ಟಕ್ಕೆ ಬಂದರೆ ಪ್ರತಿ ಹೆಜ್ಜೆಗೂ ಹಾರಿ ಹಾರಿ ಸಾಗಬೇಕು. ಕಾರಣ ಸರಳ. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅರವತ್ತೈದು ಕಿಲೋ ತೂಗುವ ಜಿಂಕೆಯ ಭಾರವೆಲ್ಲ ನಾಲ್ಕು ಪುಟ್ಟ ಗೊರಸುಗಳ ಮೇಲೆ. ತೋಳದ ಅಗಲವಾದ ಪಾದ ಹಿಮದ ಗಟ್ಟಿ ಪದರದ ಮೇಲೆ ನಿಲ್ಲುವಾಗ, ಜಿಂಕೆಯ ಗೊರಸು ಅದನ್ನು ಒಡೆದು ಒಳಗಿಳಿಯುತ್ತದೆ.

ಇದಕ್ಕೆ ಜಿಂಕೆಗಳು ಕಂಡುಕೊಂಡ ಉಪಾಯ ಒಟ್ಟಾಗಿರುವುದು. ಚಳಿಗಾಲದಲ್ಲೂ ಎಲೆ ಉದುರಿಸದ ಬಿಳಿ ಸೀಡರ್‌ನಂಥ ಮರಗಳ ಕೆಳಗೆ ಅವು ಸೇರುತ್ತವೆ. ದಟ್ಟ ಕೊಂಬೆಗಳು ಹಿಮವನ್ನು ಮೇಲೆಯೇ ಹಿಡಿದಿಡುತ್ತವೆ, ಗಾಳಿಯನ್ನೂ ತಡೆಯುತ್ತವೆ. ಅಲ್ಲಿನವರು ಇಂಥ ತಾಣವನ್ನು ಡಿಯರ್ ಯಾರ್ಡ್ ಎನ್ನುತ್ತಾರೆ. ನಾವು ಜಿಂಕೆಹಟ್ಟಿ ಎನ್ನಬಹುದು. ಲುಟ್ಸೆನ್ ಬಳಿಯ ಜಾನ್ವಿಕ್ ಹಟ್ಟಿ ಹೆಸರಾದದ್ದು. ಹಟ್ಟಿಯೊಳಗೆ ಒಂದರ ಹಿಂದೊಂದು ನಡೆದು ನಡೆದು ಹಿಮ ತುಳಿದು ಗಟ್ಟಿಯಾದ ಕಿರುದಾರಿಗಳ ಜಾಲವೇ ಇರುತ್ತದೆ. ಮೇವಿಗೂ ಅದೇ ದಾರಿ, ತೋಳ ಬಂದರೆ ಓಡಲೂ ಅದೇ ದಾರಿ. ಹಿಮ ಹೆಚ್ಚಿದಂತೆ ಜಿಂಕೆಯ ಓಡಾಟ ಈ ಕಿರುದಾರಿಗಳಿಗಷ್ಟೇ ಸೀಮಿತವಾಗುತ್ತದೆ. ಅವುಗಳ ಅಂಚಿನಲ್ಲಿ ಬಾಯಿಗೆ ಎಟುಕುವ ಚಿಗುರೆಲ್ಲ ಮುಗಿದರೂ, ಆಚೆ ಕಾಣುವ ಕೊಂಬೆಗಾಗಿ ಆಳ ಹಿಮಕ್ಕಿಳಿಯಲು ಅದು ಹಿಂಜರಿಯುತ್ತದೆ. ಸಿಗುವ ಮೇವಿಗಿಂತ ಖರ್ಚಾಗುವ ಶಕ್ತಿಯೇ ಹೆಚ್ಚು.

ಚಳಿಗಾಲವನ್ನು ಜಿಂಕೆ ಕಳೆಯುವುದು ಬಹುಪಾಲು ಉಳಿತಾಯದ ಮೇಲೆ. ಶರತ್ಕಾಲದಲ್ಲಿ ತುಂಬಿಕೊಂಡ ಕೊಬ್ಬನ್ನು ಕರಗಿಸುತ್ತ, ಕಡಿಮೆ ತಿಂದು, ಕಡಿಮೆ ಓಡಾಡಿ ದಿನ ದೂಡುತ್ತದೆ. ಅದರ ತೂಕದಲ್ಲಿ ಐದನೇ ಒಂದು ಭಾಗ ಇಳಿಯುವುದುಂಟು. ಮಾರ್ಚ್, ಏಪ್ರಿಲ್ ಹೊತ್ತಿಗೆ ಸಾಯುವವರಲ್ಲಿ ಮೊದಲಿಗರು ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು. ಹಸಿದಿವೆಯೆಂದು ಕನಿಕರಪಟ್ಟು ಜೋಳ ಸುರಿದರೂ ಅಪಾಯವೇ. ನಮ್ಮ ದನಗಳಂತೆ ಇವೂ ಮೆಲುಕು ಹಾಕುವ ಪ್ರಾಣಿಗಳು. ಕಡ್ಡಿ, ಮೊಗ್ಗುಗಳಿಗೆ ಒಗ್ಗಿಕೊಂಡ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಆಮ್ಲ ಹೆಚ್ಚಿ ಪ್ರಾಣವೇ ಹೋಗಬಹುದು.

ಮಿನಿಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ಚಳಿಗಾಲಕ್ಕೂ ಅಂಕ ಕೊಡುತ್ತಾರೆ! ಹಿಮ 38 ಸೆಂಟಿಮೀಟರ್ ಅಥವಾ ಹೆಚ್ಚಿರುವ ಪ್ರತಿ ದಿನಕ್ಕೆ ಒಂದು, ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದ ಪ್ರತಿ ದಿನಕ್ಕೆ ಇನ್ನೊಂದು. ಒಟ್ಟು ನೂರರೊಳಗಿದ್ದರೆ ಸೌಮ್ಯ, 180 ದಾಟಿದರೆ ಕಠಿಣ. ಶಾಲೆಯಲ್ಲಿ ಹೆಚ್ಚು ಅಂಕ ಬಂದರೆ ಹಿಗ್ಗು. ಇಲ್ಲಿ ಹೆಚ್ಚಿದಷ್ಟೂ ಸಾವು.

2022-23ರಲ್ಲಿ ಡುಲೂತ್‌ನಲ್ಲಿ ದಾಖಲೆಯ ಹಿಮ ಬಿತ್ತು, ಒಟ್ಟು ಸುಮಾರು 356 ಸೆಂಟಿಮೀಟರ್. ಮರುವರ್ಷವೇ ಹಿಮ ಬಹಳ ಕಡಿಮೆ. ಸೌಮ್ಯ ವರ್ಷಗಳು ಜಿಂಕೆಗೆ ಸುಖವೆನಿಸಿದರೂ ತೊಡಕು ಅಲ್ಲೇ ಇದೆ. ಸಂಖ್ಯೆ ಹೆಚ್ಚಿದ ಜಿಂಕೆಗಳು ಸೀಡರ್ ಸಸಿಗಳನ್ನು ಬೆಳೆಯಗೊಡದೆ ಮೇಯುತ್ತವೆ. ಸೀಡರ್ ತೀರ ನಿಧಾನವಾಗಿ ಬೆಳೆಯುವ ಮರ. ಮುದಿಮರಗಳು ಉರುಳಿದಲ್ಲಿ ಹೊಸವು ಏಳದಿದ್ದರೆ ಮುಂದಿನ ಕಠಿಣ ಚಳಿಗಾಲಕ್ಕೆ ಆಸರೆ ಎಲ್ಲಿ? ಅದಕ್ಕೇ ಅಲ್ಲಿ ಸಸಿಗಳ ಸುತ್ತ ಬೇಲಿ ಹಾಕಿ ಕಾಯುವವರಿದ್ದಾರೆ.

ಹಟ್ಟಿಗೆ ಬರುವ ದಾರಿಯನ್ನು ಮರಿಗಳು ತಾಯಿಯ ಹಿಂದೆ ನಡೆದೇ ಕಲಿಯುತ್ತವೆ. ಆ ಕಡೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳು ಚಳಿಗಾಲದ ಕಾಡಿನಲ್ಲಿ ಜಿಂಕೆ ಕಂಡರೆ ಫೋಟೋಕ್ಕಾಗಿ ಬೆನ್ನಟ್ಟದೆ ದೂರದಲ್ಲೇ ನಿಲ್ಲಲಿ. ತುಳಿದ ದಾರಿ ಬಿಟ್ಟು ಅದು ಹಿಮಕ್ಕೆ ಹಾರಿದರೆ, ಏಪ್ರಿಲ್‌ವರೆಗೆ ಉಳಿಸಿಕೊಳ್ಳಬೇಕಾದ ಶಕ್ತಿ ಅಷ್ಟು ಕಡಿಮೆಯಾಯಿತೆಂದೇ ಅರ್ಥ.